ಹನ್ನೊಂದು ಸೆಕೆಂಡಿನ ಸ್ವರ

ಬುಧವಾರ ಮಧ್ಯಾಹ್ನದ ಪ್ರದರ್ಶನದಲ್ಲಿ, ಎರಡನೇ ಅಂಕ ಮುಗಿಯಲು ಇನ್ನು ಆರು ನಿಮಿಷವಿರುವಾಗ, ಉದಯಕುಮಾರನಿಗೆ ಹೆಡ್‌ಫೋನಿನಲ್ಲಿ ಒಂದು ಸದ್ದು ಕೇಳಿಸಿತು. ಸದ್ದು ಅನ್ನುವಷ್ಟು ದೊಡ್ಡದೂ ಅಲ್ಲ. ಸೀರೆಯ ಸೆರಗು ಮೊಳೆಗೆ ಸಿಕ್ಕಿಕೊಂಡಾಗ ಒಂದೇ ಒಂದು ಎಳೆ ಬಿಚ್ಚಿಕೊಳ್ಳುತ್ತದಲ್ಲ, ಅಷ್ಟೇ. ಆರುನೂರು ಜನ ಕೂತಿದ್ದ ಆ ಥಿಯೇಟರಿನಲ್ಲಿ ಅದು ಇನ್ನಾರಿಗೂ ಕೇಳಿಸಲಿಲ್ಲ. ವೇದಿಕೆಯ ಮೇಲೆ ಗು ಸನ್‌ಜು ಹಾಡಿನ ತುದಿಗೇರಿ, ಎಲ್ಲರೂ ಕಾದಿದ್ದ ಆ ಹನ್ನೊಂದು ಸೆಕೆಂಡಿನ ಸ್ವರವನ್ನು ಹಿಡಿದು ನಿಂತಿದ್ದಳು. ಸ್ವರ ಮುಗಿಯಿತು, ಚಪ್ಪಾಳೆ ಸಿಡಿಯಿತು. ಉದಯಕುಮಾರ ಮಾತ್ರ ಸೌಂಡ್ ಮಿಕ್ಸರಿನ ಮುಂದೆ ಕೂತಲ್ಲೇ ತಣ್ಣಗಾಗಿದ್ದ.

ಅವನ ಕಿವಿ ಸುಳ್ಳು ಹೇಳುವ ಕಿವಿಯಲ್ಲ. ಅಪ್ಪ ಭೀಮಣ್ಣ ಹುಬ್ಬಳ್ಳಿಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದವರು. ಕಂಪನಿ ನಾಟಕಗಳು ಕ್ಯಾಂಪು ಹಾಕಿದಾಗ ಅವರದೇ ಹಾರ್ನು, ಅವರದೇ ಆಂಪ್ಲಿಫೈಯರು. ಶಾಲೆ ಬಿಟ್ಟ ಮೇಲೆ ತೆರೆಯ ಪಕ್ಕದಲ್ಲಿ ಕೂತು ನಟಿಯರ ಗಂಟಲು ಕೇಳುತ್ತಲೇ ಬೆಳೆದವನು ಉದಯ. ಯಾರಿಗೆ ನೆಗಡಿ ಆಗುವುದರಲ್ಲಿದೆ, ಯಾರು ಊಟ ಮಾಡದೆ ಬಣ್ಣ ಹಚ್ಚಿದ್ದಾರೆ ಎಂಬುದು ಒಂದು ಸಾಲು ಕೇಳಿದರೆ ಅವನಿಗೆ ತಿಳಿಯುತ್ತಿತ್ತು. ಕೆನಡಾಕ್ಕೆ ಬಂದು ಹನ್ನೆರಡು ವರ್ಷವಾಗಿತ್ತು. ಮನೆ ಟೊರಾಂಟೊದ ಹೊರವಲಯದ ಸ್ಟೌಫ್‌ವಿಲ್‌ನಲ್ಲಿ; ರೈಲು ಹತ್ತಿ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಕಾಲ್ನಡಿಗೆಯಲ್ಲಿ ಥಿಯೇಟರು. ನಾಲ್ಕು ವರ್ಷದಿಂದ ಅಲ್ಲಿ ಅವನೇ ಸೌಂಡ್ ನೋಡಿಕೊಳ್ಳುವವನು.

ಸನ್‌ಜುಗೆ ನಲವತ್ಮೂರು ವರ್ಷ. ಮೊಕ್ಪೊ ಎಂಬ ಬಂದರಿನ ಮಾರುಕಟ್ಟೆಯಲ್ಲಿ ಉಪ್ಪುಮೀನು ಮಾರುವವಳ ಮಗಳು. ಹತ್ತೊಂಬತ್ತಕ್ಕೆ ಸಿಯೋಲ್‌ಗೆ ಹೋಗಿ, ಒಂಬತ್ತು ವರ್ಷ ಮ್ಯೂಸಿಕಲ್ ನಾಟಕಗಳ ಗುಂಪಿನಲ್ಲಿ ನಿಂತು ಹಾಡಿದ್ದಳು. ಸಿಪಾಯಿ, ಹೂ ಮಾರುವವಳು, ಮರದ ಕೊಂಬೆ, ಹೀಗೆ ಹೆಸರಿಲ್ಲದ ಪಾತ್ರಗಳು. ಒಂದು ಸಂಜೆ ನಾಯಕಿಯ ಕಾಲು ಮುರಿದು, ನಲವತ್ತು ನಿಮಿಷದ ಮುನ್ಸೂಚನೆಯಲ್ಲಿ ಸನ್‌ಜು ಆಕೆಯ ಉಡುಪು ತೊಟ್ಟು ವೇದಿಕೆಗೆ ಹೋದಳು. ಅಲ್ಲಿಂದ ಒಂಬತ್ತು ವರ್ಷ ಅವಳು ಇಳಿಯಲಿಲ್ಲ. ಒಂದಾದ ಮೇಲೊಂದು ನಾಯಕಿಯ ಪಾತ್ರ, ವಾರಕ್ಕೆ ಎಂಟು ಪ್ರದರ್ಶನ, ಥಿಯೇಟರಿನ ಹಿಂಬಾಗಿಲಲ್ಲಿ ಕಾಗದ ಹಿಡಿದು ಕಾಯುವ ಅಭಿಮಾನಿಗಳು. ಆಮೇಲೆ ಏನೋ ಆಗಿ ಟೊರಾಂಟೊಗೆ ಬಂದಳು, ಅರೋರಾದಲ್ಲಿ ಒಂದು ಮನೆಯ ಬೇಸ್‌ಮೆಂಟ್ ಹಿಡಿದು ಮಕ್ಕಳಿಗೆ ಹಾಡು ಕಲಿಸುತ್ತಿದ್ದಳು. ಆ 'ಏನೋ' ಏನೆಂದು ತಂಡದಲ್ಲಿ ಯಾರೂ ಕೇಳಿರಲಿಲ್ಲ. ಈಗ ಈ ಹೊಸ ನಾಟಕದಲ್ಲಿ, ಒಂಟಾರಿಯೊ ಸರೋವರದಲ್ಲಿ ಕಳೆದುಹೋದ ಗಂಡನನ್ನು ದಡದಲ್ಲಿ ನಿಂತು ಕರೆಯುವ ಕೊರಿಯದ ಹೆಂಗಸಿನ ಪಾತ್ರ ಅವಳಿಗೆ ಸಿಕ್ಕಿತ್ತು. ಪತ್ರಿಕೆಗಳು ಹೊಗಳಿದ್ದವು. ಟಿಕೆಟ್ ಸಿಗುತ್ತಿರಲಿಲ್ಲ.

ಸಂಜೆಯ ಪ್ರದರ್ಶನಕ್ಕೆ ಮೊದಲು ಮೈಕು ಬದಲಿಸುವ ನೆಪದಲ್ಲಿ ಉದಯ ಅವಳ ಕೋಣೆಗೆ ಹೋದ. ಹಣೆಯ ಮೇಲೆ, ಕೂದಲು ಶುರುವಾಗುವಲ್ಲಿ, ಅಕ್ಕಿಕಾಳಿನಷ್ಟು ಚಿಕ್ಕ ಮೈಕನ್ನು ಅಂಟಿಸುವ ಕೆಲಸ. ಸನ್‌ಜು ಕನ್ನಡಿಯ ಮುಂದೆ ಕೂತು ಬಿಸಿನೀರು ಗುಟುಕರಿಸುತ್ತಿದ್ದಳು. ಇಬ್ಬರ ನಡುವೆ ಇಂಗ್ಲಿಷೇ ಭಾಷೆ, ಇಬ್ಬರಿಗೂ ಆಮೇಲೆ ಕಲಿತ ಭಾಷೆ. ಹಾಗಾಗಿ ಅವರ ಮಾತು ಯಾವಾಗಲೂ ನೇರ, ಚಿಕ್ಕದು.

"ಮಧ್ಯಾಹ್ನ ಏನಾಯಿತು?" ಎಂದು ಕೇಳಿದ.

ಕನ್ನಡಿಯಲ್ಲಿ ಅವಳ ಕಣ್ಣು ಅವನ ಕಣ್ಣನ್ನು ಹಿಡಿಯಿತು. "ಏನೂ ಇಲ್ಲ."

"ಏಳನೇ ಸೆಕೆಂಡಿನಲ್ಲಿ."

ಲೋಟ ಮೇಜಿನ ಮೇಲೆ ಕೂರುವಾಗ ಸದ್ದು ಮಾಡಿತು. ಸನ್‌ಜು ಎದ್ದು ಬಾಗಿಲು ಹಾಕಿದಳು. ತಿರುಗಿ ಬಂದವಳು ಉದಯನ ಮಣಿಕಟ್ಟನ್ನು ಹಿಡಿದುಕೊಂಡಳು.

"ಬೇರೆ ಯಾರಿಗೆ ಕೇಳಿಸಿತು?"

"ಯಾರಿಗೂ ಇಲ್ಲ."

"ಯಾರಿಗೂ ಹೇಳಬೇಡಿ," ಎಂದಳು. ಆಮೇಲೆ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದಳು. ಆರು ವರ್ಷದ ಹಿಂದೆ ಸಿಯೋಲ್‌ನಲ್ಲಿ, ತುಂಬಿದ ಸಭೆಯಲ್ಲಿ, ಒಂದು ಸ್ವರದ ನಡುವೆಯೇ ಅವಳ ದನಿ ಹರಿದಿತ್ತು. ಯಾರೋ ಫೋನಿನಲ್ಲಿ ಹಿಡಿದಿದ್ದರು. ಲಕ್ಷಾಂತರ ಮಂದಿ ಅದನ್ನು ಮತ್ತೆ ಮತ್ತೆ ಹಾಕಿಕೊಂಡು ನಕ್ಕಿದ್ದರು. ಧ್ವನಿತಂತುವಿನಲ್ಲಿ ರಕ್ತನಾಳ ಒಡೆದಿತ್ತು; ಶಸ್ತ್ರಚಿಕಿತ್ಸೆ ಮಾಡಿದ ಡಾಕ್ಟರು, ಅದೇ ಜಾಗ ಇನ್ನೊಮ್ಮೆ ಒಡೆದರೆ ಗಾಯ ಗಂಟುಕಟ್ಟುತ್ತದೆ, ಆಮೇಲೆ ನನ್ನ ಕೈಯಲ್ಲೂ ಏನೂ ಇಲ್ಲ ಎಂದಿದ್ದರು. ಒಪ್ಪಂದ ಮಾಡಿಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಫೋನೆತ್ತುವುದನ್ನು ಬಿಟ್ಟಿದ್ದರು.

"ಹಾಗಾದರೆ ಈಗಲೇ ನಿಲ್ಲಿಸಿ," ಎಂದ ಉದಯ. "ಎರಡು ವಾರ ರಜೆ ಹಾಕಿ. ನಿಮ್ಮ ಬದಲಿಗೆ ಹಾಡುವವಳು ಇದ್ದಾಳಲ್ಲ."

"ಮೂರನೇ ಶನಿವಾರ ಸಿಯೋಲ್‌ನಿಂದ ನಿರ್ಮಾಪಕರು ಬರುತ್ತಾರೆ. ಈ ನಾಟಕವನ್ನು ಅಲ್ಲಿಗೆ ಕರೆಸಿಕೊಳ್ಳಲು. ನನ್ನ ಜೊತೆಗೆ. ನಾನು ಒಂದು ದಿನ ರಜೆ ಹಾಕಿದರೆ ಸಾಕು, ಅವಳ ಗಂಟಲು ಮತ್ತೆ ಹೋಯಿತಂತೆ ಅನ್ನುತ್ತಾರೆ. ಇನ್ನು ಹದಿನೇಳು ದಿನ ಅಷ್ಟೇ."

ಆಮೇಲೆ ಅವಳು ಕೇಳಿದ್ದು ಇದು: ಆ ಒಂದು ಸ್ವರಕ್ಕೆ ತನ್ನ ಹಳೆಯ ರೆಕಾರ್ಡಿಂಗನ್ನು ಹಾಕಬೇಕು. ಮೊದಲ ವಾರದ ಪ್ರದರ್ಶನಗಳೆಲ್ಲ ಅವನ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗಿದ್ದವು, ಪ್ರತಿಯೊಬ್ಬರ ಮೈಕು ಬೇರೆ ಬೇರೆಯಾಗಿ. ಆ ಹಾಡಿನಲ್ಲಿ ಅಲೆಗಳ ಸದ್ದು, ಹಿಂದಿನ ಕೋರಸ್ಸು ಹೇಗೂ ರೆಕಾರ್ಡು ಮಾಡಿದ್ದೇ. ವಾದ್ಯದವರು ಕಿವಿಯೊಳಗಿನ ಟಿಕ್ ಟಿಕ್ ತಾಳಕ್ಕೆ ಕಟ್ಟುಬಿದ್ದು ನುಡಿಸುತ್ತಿದ್ದರು. ಹಾಗಾಗಿ ಆ ಹಾಡಿನ ವೇಗ ದಿನದಿಂದ ದಿನಕ್ಕೆ ಕೂದಲೆಳೆಯಷ್ಟೂ ಬದಲಾಗುತ್ತಿರಲಿಲ್ಲ. ಹನ್ನೊಂದು ಸೆಕೆಂಡು ಸನ್‌ಜುವಿನ ಮೈಕು ಇಳಿಸಿ, ಅವಳದೇ ಹಳೆಯ ಸ್ವರವನ್ನು ಏರಿಸಿದರೆ ಯಾರಿಗೂ ತಿಳಿಯುವುದಿಲ್ಲ.

"ಅದು ನನ್ನದೇ ದನಿ, ಉದಯ್. ಬೇರೆಯವರದಲ್ಲ."

ಅವನು ಟೇಪಿನ ಸುರುಳಿ ಎತ್ತಿಕೊಂಡು ಹೊರಗೆ ಬಂದ. ಆ ಸಂಜೆ ಅವಳು ಹೇಗೋ ಹಾಡಿದಳು. ಎಳೆ ಈ ಸಲ ಐದನೇ ಸೆಕೆಂಡಿನಲ್ಲೇ ಬಿಚ್ಚಿತು.

ಮರುದಿನ ಬೆಳಿಗ್ಗೆ ಹೆಂಡತಿ ನೀಲಾಂಬಿಕಾ ಕೆಲಸಕ್ಕೆ ಹೊರಡುವ ಮೊದಲು ರೊಟ್ಟಿ ಬಡಿಯುತ್ತಿದ್ದಳು. ಅವಳಿಗೆ ಸ್ಟೌಫ್‌ವಿಲ್‌ನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ. ಎಂಟು ವರ್ಷದ ಮಗಳು ನಿಧಿ ಸ್ಕೂಲ್ ಬ್ಯಾಗು ಹೆಗಲಿಗೇರಿಸಿ ಸೀರಿಯಲ್ ತಿನ್ನುತ್ತಿದ್ದಳು.

"ಅಪ್ಪಾ, ಯು ಆರ್ ನಾಟ್ ಈಟಿಂಗ್," ಎಂದಳು ನಿಧಿ.

"ಹೌದಲ್ಲಾ, ಏನಾಗೈತ್ರೀ ನಿಮಗ?" ನೀಲಾ ತಿರುಗಿ ನೋಡಿದಳು. "ರೊಟ್ಟಿ ಆರಾಕತ್ತೈತಿ."

"ಒಬ್ಬರ ದನಿ ಹಾಳಾಗಾಕತ್ತೈತಿ ಅಂತ ನನಗೊಬ್ಬಂಗ ಗೊತ್ತಾಗೇತಿ, ನೀಲಾ. ಏನ್ ಮಾಡ್ಲಿ?"

"ಯಾರದು? ಆ ಕೊರಿಯಾದಾಕಿದು?"

"ಹೂಂ."

"ಆಕಿಗೆ ಗೊತ್ತೈತೇನು?"

"ಗೊತ್ತೈತಿ. ಡಾಕ್ಟರ್ ಕಡೆ ಹೋಗಂಗಿಲ್ಲ ಅಂತಾಳ. ಮ್ಯಾನೇಜ್ಮೆಂಟಿಗೆ ಹೇಳಬ್ಯಾಡ ಅಂತಾಳ."

ನೀಲಾ ಕೈಯ ಹಿಟ್ಟು ಝಾಡಿಸಿದಳು. "ಮಾತು ಹ್ವಾದವ್ರನ್ನ ನಾ ದಿನಾ ನೋಡ್ತೀನ್ರೀ. ನೀರು ಬೇಕಂದ್ರೂ ಕೈ ಮಾಡಿ ತೋರಸ್ತಾರ. ಸುಮ್ಮ ಹೇಳಿಬಿಡ್ರಿ. ಆಕಿ ಬೈದ್ರ ಬೈಲಿ."

"ಆಕಿ ಜೀವನಾನ ಅದರ ಮ್ಯಾಲೆ ನಿಂತೈತಿ."

"ಅದಕ್ಕ ಹೇಳಾಕತ್ತೀನಿ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರೈಲಿನಲ್ಲಿ ಕೂತಾಗ ಉದಯ ಹೇಳಿಬಿಡುವುದೆಂದೇ ತೀರ್ಮಾನಿಸಿದ್ದ. ಮಾರ್ಕಂ ದಾಟುವಾಗ ಆ ತೀರ್ಮಾನ ಗಟ್ಟಿಯಾಗಿತ್ತು, ಯೂನಿಯನ್ನಿನಲ್ಲಿ ಇಳಿಯುವಾಗ ಸಡಿಲಾಗಿತ್ತು. ಥಿಯೇಟರಿನ ಹಿಂಬಾಗಿಲಲ್ಲಿ ಸನ್‌ಜು ಮಫ್ಲರ್ ಸುತ್ತಿಕೊಂಡು ಅವನಿಗಾಗಿಯೇ ನಿಂತಿದ್ದಳು. ಏನೂ ಕೇಳಲಿಲ್ಲ, ಸುಮ್ಮನೆ ನೋಡಿದಳು. ಉದಯ ಆಗಲಿ ಎಂದು ತಲೆಯಾಡಿಸಿದ. ಏಕೆ ಆಡಿಸಿದೆನೆಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡ. ಆ ಕಣ್ಣಿನ ಮುಂದೆ ಬೇರೇನೂ ಮಾಡಲಾಗಲಿಲ್ಲ, ಅಷ್ಟೇ.

ಆ ಸಂಜೆಯೇ ಮೊದಲ ಸಲ ಹಾಗೆ ಮಾಡಿದ. ಅಲೆಯ ಸದ್ದು ಏರಿತು, ಕೋರಸ್ ಬಂತು, ಸನ್‌ಜು ದೋಣಿಕಟ್ಟೆಯ ತುದಿಗೆ ನಡೆದು ಎರಡೂ ಕೈ ಚಾಚಿದಳು. ಉದಯ ಅವಳ ಮೈಕಿನ ಫೇಡರ್ ಗುಂಡಿಯನ್ನು ಕೆಳಗೆ ಜಾರಿಸಿದ, ರೆಕಾರ್ಡಿನದನ್ನು ಮೇಲೇರಿಸಿದ. ಮೂರು ವಾರದ ಹಿಂದಿನ ಸನ್‌ಜು, ಗಂಟಲು ಗಟ್ಟಿಯಿದ್ದ ಸನ್‌ಜು, ಥಿಯೇಟರನ್ನೆಲ್ಲ ತುಂಬಿದಳು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಯಾರಿಗೂ ಏನೂ ಗೊತ್ತಾಗಲಿಲ್ಲ.

ಆದರೆ ಉದಯನಿಗೆ ಬೇರೆಯದೂ ಕೇಳಿಸಿತ್ತು. ಸಭೆಗೆ ಮುಚ್ಚಿದ್ದ ಅವಳ ಮೈಕು ಅವನ ಹೆಡ್‌ಫೋನಿಗೆ ತೆರೆದೇ ಇತ್ತು. ಆ ಚೆಂದದ ಸ್ವರದ ಅಡಿಯಲ್ಲಿ ನಿಜವಾದ ಸನ್‌ಜು ಹಾಡುತ್ತಿದ್ದಳು. ಅದು ಸ್ವರವಾಗಿರಲಿಲ್ಲ. ಗಾಳಿ, ಅದರೊಳಗೆ ಕೆರೆತ, ಕೆರೆತದೊಳಗೆ ಎಲ್ಲೋ ಒಂದು ಚೂರು ನಾದ.

"ನಿಜವಾಗಿ ಹಾಡಬೇಡಿ," ಎಂದು ಪ್ರದರ್ಶನ ಮುಗಿದ ಮೇಲೆ ಬೇಡಿಕೊಂಡ. "ಬಾಯಿ ತೆರೆದರೆ ಸಾಕು."

"ಮುಂದಿನ ಸಾಲಿನವರಿಗೆ ನನ್ನ ಕುತ್ತಿಗೆ ಕಾಣುತ್ತದೆ," ಎಂದಳು. ದನಿ ಆಗಲೇ ಒಂದಿಷ್ಟು ಒಡಕಾಗಿತ್ತು. "ಪಕ್ಕೆಲುಬು ಏರದೆ ಇದ್ದರೆ ಮಗುವಿಗೂ ಗೊತ್ತಾಗುತ್ತದೆ. ಹಾಡದೆ ಹಾಡಿದ ಹಾಗೆ ನಿಲ್ಲುವುದು ನನಗೆ ಬರುವುದಿಲ್ಲ."

ಹೀಗೆ ಒಂದು ವಾರ ಹೋಯಿತು. ದಿನ ಕಳೆದಷ್ಟೂ ಭಯ ಕಡಿಮೆಯಾಗುತ್ತದೆ ಅಂದುಕೊಂಡಿದ್ದ, ಹೆಚ್ಚಿತು. ಬೆಳಿಗ್ಗೆ ಹಲ್ಲುಜ್ಜುವಾಗ ಅದೇ ಸದ್ದು, ರೈಲಿನ ಚಕ್ರದಲ್ಲಿ ಅದೇ ಸದ್ದು. ಕಂಪ್ಯೂಟರ್ ಕೈಕೊಟ್ಟರೆ? ಒಂದು ಕ್ಷಣ ಮೊದಲೇ ಒತ್ತಿಬಿಟ್ಟರೆ? ಹಾಡಿನ ನಡುವೆ ಅವಳಿಗೆ ಕೆಮ್ಮು ಬಂದರೆ? ಪ್ರತಿದಿನ ಎರಡನೇ ಅಂಕ ಶುರುವಾಗುತ್ತಿದ್ದಂತೆ ಅವನ ಅಂಗಿ ಬೆನ್ನಿಗೆ ಅಂಟುತ್ತಿತ್ತು.

ಆ ಮೂರನೇ ಶನಿವಾರಕ್ಕೆ ಎರಡು ದಿನ ಮುಂಚೆ, ಗುರುವಾರ, ಸ್ಟೇಜ್ ಮ್ಯಾನೇಜರ್ ಜ್ಯೋತ್ಸ್ನಾ ಅವನ ಬಳಿ ಬಂದಳು. ಮಿಸಿಸಾಗಾದಲ್ಲೇ ಹುಟ್ಟಿ ಬೆಳೆದ ಹುಡುಗಿ. ಅಪ್ಪ ಅಮ್ಮ ಉಡುಪಿ ಕಡೆಯವರು. ಪ್ರದರ್ಶನದ ಪ್ರತಿ ದೀಪ, ಪ್ರತಿ ಪರದೆ ಅವಳು ಹೇಳಿದಾಗಲೇ ಚಲಿಸಬೇಕು. ಉದಯನ ಜೊತೆ ಮಾತ್ರ ಅಪರೂಪಕ್ಕೆ ಕನ್ನಡ ಬಳಸುತ್ತಿದ್ದಳು.

"ಉದಯಣ್ಣ, ಒಂದು ಕ್ವಶ್ಚನ್. ಆ ಸಾಂಗಲ್ಲಿ ಒಂದು ಎಕ್ಸ್‌ಟ್ರಾ ಚಾನೆಲ್ ಓಪನ್ ಉಂಟಲ್ಲ. ನಲವತ್ತೊಂದು. ಅದೆಂತದು?"

ಉದಯ ಕೇಬಲ್ ಸುತ್ತುತ್ತಲೇ ಹೇಳಿದ, "ಅಲೆ ಸೌಂಡಿಗೆ ಬ್ಯಾಕಪ್."

"ಬ್ಯಾಕಪ್ಪಾ?" ಅವಳು ಮಿಕ್ಸರಿನ ಪರದೆಯನ್ನು ಒಂದು ಕ್ಷಣ ಹೆಚ್ಚೇ ನೋಡಿದಳು. "ನನ್ನ ಬುಕ್ಕಲ್ಲಿ ಇಲ್ಲ ಅದು. ಸಾಟರ್ಡೇ ಆದ ಮೇಲೆ ಕೂತು ನೋಡುವ, ಓಕೆ?"

ಅವಳು ಹೋದ ಮೇಲೆ ಉದಯ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡ. ಜ್ಯೋತ್ಸ್ನಾಳಿಗೆ ಗೊತ್ತಾಗಿತ್ತೋ ಇಲ್ಲವೋ ಅವನಿಗೆ ಹೇಳಲಾಗುತ್ತಿರಲಿಲ್ಲ. ಆ ಹೊತ್ತಿಗೆ ಸನ್‌ಜು ಮಾತಾಡುವುದನ್ನೇ ನಿಲ್ಲಿಸಿದ್ದಳು. ವೇದಿಕೆಯ ಮೇಲಿನ ಮಾತು ಬಿಟ್ಟರೆ ಉಳಿದದ್ದೆಲ್ಲ ಸನ್ನೆ. ತಂಡದವರು ಅದನ್ನು ಶ್ರದ್ಧೆ ಅಂದುಕೊಂಡರು.

ಶನಿವಾರ ಬಂತು. ಮಧ್ಯಾಹ್ನದ ಪ್ರದರ್ಶನಕ್ಕೆ ಸಿಯೋಲ್‌ನ ಮೂವರು ಬಂದು ಎಂಟನೇ ಸಾಲಿನಲ್ಲಿ ಕೂತರು. ಕಪ್ಪು ಕೋಟಿನ ಇಬ್ಬರು ಗಂಡಸರು, ಬಿಳಿಗೂದಲಿನ ಒಬ್ಬ ಹೆಂಗಸು. ಮೈಕು ಅಂಟಿಸುವಾಗ ಸನ್‌ಜುವಿನ ಹಣೆ ಬೆವರಿ ಟೇಪು ಎರಡು ಸಲ ಕಳಚಿತು. ಮೂರನೇ ಸಲ ಅಂಟಿಸಿ ಉದಯ ಮೆಲ್ಲಗೆ ಕೇಳಿದ, "ಇನ್ನೂ ಹೊತ್ತಿದೆ. ಬದಲಿಯವಳನ್ನು ಕರೆಯಲೇ?"

ಅವಳು ಬೇಡವೆಂದು ತಲೆಯಲ್ಲಾಡಿಸಿ, ಒಂದು ಬೆರಳು ಎತ್ತಿ ತೋರಿಸಿದಳು. ಒಂದೇ ಒಂದು ಸಲ.

ಮೊದಲ ಅಂಕ ಹೇಗೋ ದಾಟಿತು. ಎರಡನೇ ಅಂಕದಲ್ಲಿ ಅವಳು ಎಂದಿಗಿಂತ ಚೆನ್ನಾಗಿ ಅಭಿನಯಿಸಿದಳು. ಅಲೆ ಏರಿತು. ಕೋರಸ್ ಬಂತು. ಸನ್‌ಜು ದೋಣಿಕಟ್ಟೆಯ ತುದಿಗೆ ಹೋಗಿ ಕೈ ಚಾಚಿದಳು. ಉದಯ ಒಂದನ್ನು ಇಳಿಸಿದ, ಒಂದನ್ನು ಏರಿಸಿದ. ಸ್ವರ ಎದ್ದಿತು.

ಎರಡನೇ ಸೆಕೆಂಡಿನಲ್ಲಿ ಹೆಡ್‌ಫೋನಿನೊಳಗೆ ಸಣ್ಣದೊಂದು 'ಟಕ್'. ಆಮೇಲೆ ಏನೂ ಇಲ್ಲ. ಕೆರೆತವಿಲ್ಲ, ಗಾಳಿಯಿಲ್ಲ. ಅವನು ತಲೆ ಎತ್ತಿ ನೋಡಿದ.

ಸನ್‌ಜುವಿನ ಬಾಯಿ ಮುಚ್ಚಿತ್ತು. ಒಂದು ಕೈ ಕುತ್ತಿಗೆಯ ಮೇಲಿತ್ತು. ಬೆಳಕಿನ ನಡುವೆ ಅವಳು ಕಂಬದಂತೆ ನಿಂತಿದ್ದಳು, ಅವಳ ದನಿ ಮಾತ್ರ ಸುತ್ತಲಿನ ಗೋಡೆಗಳಿಂದ ಹಾಡುತ್ತಲೇ ಇತ್ತು. ಮೂರು. ನಾಲ್ಕು. ಫೇಡರ್ ಇಳಿಸಬೇಕೆಂದು ಉದಯನಿಗೆ ಗೊತ್ತಿತ್ತು, ಕೈ ಅವನದಾಗಿರಲಿಲ್ಲ. ಐದು. ಆರು. ಸತ್ತವರ ಮನೆಯಲ್ಲಿ ಅವರದೇ ಫೋನು ರಿಂಗಾದಂತೆ ಆ ಸ್ವರ, ಮುಚ್ಚಿದ ತುಟಿಗಳ ಮೇಲೆ, ತುಂಬಿ ತುಳುಕುತ್ತಿತ್ತು. ಏಳನೆಯದಕ್ಕೆ ಕೈ ಬಂತು. ಎಳೆದ.

ವಾದ್ಯಗಳು ಇನ್ನೆರಡು ಸಾಲು ನುಡಿದು ಚದುರಿ ನಿಂತವು. ಯಾರೋ ಒಬ್ಬರು ಫಕ್ಕನೆ ನಕ್ಕರು. ಆಮೇಲೆ ಗುಜುಗುಜು ಶುರುವಾಯಿತು. ಅಲ್ಲಲ್ಲಿ ಫೋನಿನ ಸಣ್ಣ ಬೆಳಕುಗಳು ಎದ್ದವು. ಸನ್‌ಜು ವೇದಿಕೆಯ ಅಂಚಿಗೆ ಬಂದಳು, ಏನೋ ಹೇಳಲು ಬಾಯಿ ತೆರೆದಳು. ಏನೂ ಬರಲಿಲ್ಲ. ಅವಳು ಸೊಂಟದಿಂದ ಪೂರ್ತಿ ಬಾಗಿದಳು, ಬಾಗಿಯೇ ನಿಂತಳು.

"ಕರ್ಟನ್," ಎಂದು ಕಿವಿಯಲ್ಲಿ ಜ್ಯೋತ್ಸ್ನಾಳ ದನಿ ಕೇಳಿಸಿತು. ಆಮೇಲೆ ಬಹಳ ಮೆತ್ತಗೆ, "ಎಂತ ಮಾಡಿದಿರಿ ಉದಯಣ್ಣ ನೀವು?"

ಜ್ಯೋತ್ಸ್ನಾಳೇ ಸನ್‌ಜುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹಿಂದಿನ ಸೀಟಿನಲ್ಲಿ ಉದಯ ಕೂತಿದ್ದ. ಗಂಟಲಿಗೆ ಕ್ಯಾಮರಾ ಇಳಿಸಿ ನೋಡಿದ ಡಾಕ್ಟರು, ಹಳೆಯ ಜಾಗದಲ್ಲೇ ಒಡೆದು ಒಂದು ಧ್ವನಿತಂತು ಪೂರ್ತಿ ರಕ್ತ ಕಟ್ಟಿದೆ ಎಂದರು. ಆರು ವಾರ ಒಂದಕ್ಷರವನ್ನೂ ಆಡಕೂಡದು, ಪಿಸುಗುಡಲೂ ಕೂಡದು. ಆಮೇಲೆ ಏನು ಉಳಿದಿರುತ್ತದೋ ನೋಡೋಣ.

ಸೋಮವಾರ ಥಿಯೇಟರಿನ ಆಡಳಿತದವರು ಉದಯನನ್ನು ಕರೆದರು. ಎಲ್ಲ ತಾನೇ ಮಾಡಿದ್ದು ಎಂದು ಹೇಳುವುದೆಂದು ಅವನು ಸಿದ್ಧನಾಗಿ ಹೋಗಿದ್ದ. ಮೇಜಿನ ಮೇಲೆ ಆಗಲೇ ಸನ್‌ಜುವಿನ ಪತ್ರವಿತ್ತು: ಕೇಳಿದ್ದು ನಾನು, ಒತ್ತಾಯಿಸಿದ್ದು ನಾನು, ಅವರದು ತಪ್ಪಿಲ್ಲ. ಅವನು ಅದನ್ನು ಓದಿ ಮಡಚಿಟ್ಟು, "ಬೆರಳು ನನ್ನದೇ ಆಗಿತ್ತು," ಎಂದ. ಇಬ್ಬರನ್ನೂ ತೆಗೆದರು. ಉಳಿದ ಪ್ರದರ್ಶನಗಳಲ್ಲಿ ಬದಲಿಯವಳು ಹಾಡಿದಳು. ಸಿಯೋಲ್‌ನವರು ನಾಟಕವನ್ನು ಕೊಂಡುಕೊಂಡರು, ಸನ್‌ಜುವನ್ನು ಬಿಟ್ಟು.

ಯಾರೋ ಹಾಡಿನ ಮೊದಲಿನಿಂದಲೇ ಫೋನಿನಲ್ಲಿ ಹಿಡಿಯುತ್ತಿದ್ದರು; ಆ ನಾಲ್ಕೈದು ಸೆಕೆಂಡಿನ ವಿಡಿಯೊ ಎಲ್ಲೆಲ್ಲಿಗೋ ಹೋಯಿತು. ಬಾಯಿ ಮುಚ್ಚಿಕೊಂಡೇ ಹಾಡುವವಳು ಎಂದು ಯಾರೋ ಹೆಸರಿಟ್ಟರು. ಹುಬ್ಬಳ್ಳಿಯಿಂದ ಭೀಮಣ್ಣ ಫೋನು ಮಾಡಿ, "ಏನೋ ತಮ್ಮಾ, ನಿಮ್ಮ ಥಿಯೇಟರಿನ್ಯಾಗ ಏನೋ ಆಗೇತಂತಲ್ಲ," ಎಂದಾಗ ಉದಯ ಸುಳ್ಳು ಹೇಳಲಾಗದೆ ಫೋನನ್ನು ನೀಲಾಳ ಕೈಗೆ ಕೊಟ್ಟ. ನೀಲಾ ಮಾವನಿಗೆ ಎಲ್ಲವನ್ನೂ ಇದ್ದಂತೆಯೇ ಹೇಳಿದಳು. ಗಂಡನಿಗೆ ಮಾತ್ರ, ನಾನು ಆವತ್ತೇ ಹೇಳಿದ್ದೆ ಎಂಬ ಮಾತನ್ನು ಒಂದು ಸಲವೂ ಆಡಲಿಲ್ಲ.

ಮೂರನೇ ವಾರ ಉದಯ ಧೈರ್ಯ ಮಾಡಿ ಅರೋರಾಕ್ಕೆ ಹೋದ. ಬೇಸ್‌ಮೆಂಟಿನ ಬಾಗಿಲು ತೆರೆದ ಸನ್‌ಜು ಸೊರಗಿದ್ದಳು. ಕೊರಳಲ್ಲಿ ದಾರ ಕಟ್ಟಿದ ಒಂದು ಚಿಕ್ಕ ಬಿಳಿ ಹಲಗೆ ನೇತಾಡುತ್ತಿತ್ತು. ನೀಲಾ ಕಟ್ಟಿಕೊಟ್ಟಿದ್ದ ಅಕ್ಕಿಗಂಜಿಯ ಡಬ್ಬಿಯನ್ನು ತೆಗೆದುಕೊಂಡು, ಹಲಗೆಯ ಮೇಲೆ ಬರೆದಳು: 'ಮಗಳು ಹೇಗಿದ್ದಾಳೆ?'

"ಚೆನ್ನಾಗಿದ್ದಾಳೆ." ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತೆಲ್ಲ ಮರೆತುಹೋಯಿತು. "ನಾನು ಆವತ್ತೇ ಇಲ್ಲ ಅನ್ನಬೇಕಿತ್ತು," ಎಂದಷ್ಟೇ ಹೇಳಿದ.

ಸನ್‌ಜು ಪೆನ್ನಿನ ಮುಚ್ಚಳ ತೆಗೆದಳು. 'ಅಂದಿದ್ದರೆ ನಿಮ್ಮನ್ನು ದ್ವೇಷಿಸುತ್ತಿದ್ದೆ,' ಎಂದು ಬರೆದಳು. ಅವನು ಓದಿದ ಮೇಲೆ ಅಂಗೈಯಿಂದ ಅಳಿಸಿ ಮತ್ತೆ ಬರೆದಳು: 'ಆದರೂ ಅನ್ನಬೇಕಿತ್ತು.'

ಮೇಲಿನ ಮನೆಯಲ್ಲಿ ಯಾರೋ ವ್ಯಾಕ್ಯೂಮ್ ಓಡಿಸುತ್ತಿದ್ದರು. ಅವಳು ಮತ್ತೆ ಬರೆದಳು. ಆರು ವಾರ ಮುಗಿಯುವ ದಿನ ಮೊದಲ ಸದ್ದು ಮಾಡಿ ನೋಡಬೇಕು. ಕ್ಲಿನಿಕ್ಕಿನವರು ನಯವಾಗಿ ಏನಾದರೂ ಹೇಳುತ್ತಾರೆ. ತಾಯಿ ಮೊಕ್ಪೊದಿಂದ ಫೋನಿನಲ್ಲಿ ಅಳುತ್ತಾಳೆ. ತನ್ನ ಕಿವಿಯನ್ನು ತಾನೇ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ. 'ನೀವು ಬರುತ್ತೀರಾ? ಕೇಳಿಸಿದ್ದನ್ನು ಹೇಳಲು?'

ಉದಯ ಒಪ್ಪಿಕೊಂಡ. ಆಮೇಲಿನ ಮೂರು ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ. ಬ್ರ್ಯಾಂಪ್ಟನ್ನಿನ ಮದುವೆ ಹಾಲೊಂದರಲ್ಲಿ ಸ್ಪೀಕರ್ ಕೂಡಿಸುವ ಕೆಲಸ ಸಿಕ್ಕಿತ್ತು. ಢೋಲಿನ ಆರ್ಭಟದ ನಡುವೆಯೂ ಅವನಿಗೆ ಆ 'ಟಕ್' ಕೇಳಿಸುತ್ತಿತ್ತು.

ಆ ದಿನ ಬಂತು. ಮಧ್ಯಾಹ್ನ ಎರಡು ಗಂಟೆಗೆ ಹೋದಾಗ ಸನ್‌ಜು ಹಾಡುವವರಂತೆ ಪಾದ ಅಗಲಿಸಿ, ಬೆನ್ನು ನೆಟ್ಟಗೆ ಮಾಡಿ ಕೋಣೆಯ ನಡುವೆ ನಿಂತಿದ್ದಳು. ಹಲಗೆಯನ್ನು ಕಳಚಿ ಕುರ್ಚಿಯ ಮೇಲಿಟ್ಟಿದ್ದಳು. ಉದಯ ಬಾಗಿಲ ಬಳಿಯೇ ನಿಂತ. ಮೈಕಿಲ್ಲ, ಹೆಡ್‌ಫೋನಿಲ್ಲ, ನಡುವೆ ಹತ್ತು ಅಡಿ ಗಾಳಿ ಮಾತ್ರ.

ಅವಳು ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು, ಮುಚ್ಚಿದಳು. ಕಣ್ಣಲ್ಲಿ ನೀರು ತುಂಬಿತು. ಹತ್ತು ನಿಮಿಷ ಹೀಗೇ ಹೋಯಿತು. "ಅವಸರವಿಲ್ಲ," ಎಂದ ಉದಯ.

ಕಡೆಗೆ ತುಟಿ ಮುಚ್ಚಿಕೊಂಡೇ ಅವಳು ಒಂದು ಗುನುಗು ಹೊರಡಿಸಿದಳು. ಅದು ಎಲ್ಲೋ ಎದೆಯ ತಳದಿಂದ ಬಂತು, ಕತ್ತಲ ಬಾವಿಯ ಕೊಡದಂತೆ ಅಲ್ಲಿಲ್ಲಿ ತಾಗುತ್ತ ಮೇಲೆ ಬಂತು. ಇನ್ನೊಂದು ಮೆಟ್ಟಿಲು ಏರಿತು. ಇನ್ನೊಂದು. ನಾಲ್ಕನೆಯದರಲ್ಲಿ ಚೂರಾಗಿ ಗಾಳಿಯಾಯಿತು. ಅವಳು ನಿಲ್ಲಿಸಿ ಅವನನ್ನೇ ನೋಡಿದಳು. ಆ ನೋಟ ಅವನಿಗೆ ಗೊತ್ತಿತ್ತು; ಥಿಯೇಟರಿನ ಹಿಂಬಾಗಿಲಲ್ಲಿ ಮಫ್ಲರ್ ಸುತ್ತಿಕೊಂಡು ನೋಡಿದ್ದೂ ಹೀಗೆಯೇ. ಎರಡು ಸಿಹಿಮಾತು ಹೇಳಿಬಿಡಬೇಕೆಂದು ನಾಲಿಗೆ ತುದಿಯವರೆಗೆ ಬಂತು.

"ಮೇಲಿನದು ಹೋಗಿದೆ, ಸನ್‌ಜು," ಎಂದ. "ಅದು ವಾಪಸ್ ಬರುವುದಿಲ್ಲ ಅನಿಸುತ್ತದೆ. ಕೆಳಗಿನದು ಇದೆ. ಒರಟಾಗಿದೆ, ಆದರೆ ಇದೆ. ಮೂರು ಸ್ವರ ಪೂರ್ತಿ ಕೇಳಿಸಿತು."

ಅವಳು ಅಲ್ಲೇ ನೆಲದ ಮೇಲೆ ಕುಕ್ಕರಿಸಿ ಕೂತಳು. ಉದಯ ಓಡಿಹೋಗಿ ಪಕ್ಕದಲ್ಲಿ ಕೂತ. ಅವಳು ಸದ್ದಿಲ್ಲದೆ ಅತ್ತಳು, ಅಳುವಿಗೂ ಗಂಟಲು ಬಳಸಬಾರದೆಂದು ಹೇಳಿದ್ದರು. ಆಮೇಲೆ, ಆರು ವಾರದ ನಂತರದ ಅವಳ ಮೊದಲ ಮಾತು ಬಂತು, ಕೆರೆದಂತೆ, ಗಂಡಸಿನ ದನಿಯಂತೆ. "ಮೂರಾ?"

"ಮೂರು."

"ನಾಳೆ ಮತ್ತೆ ಬನ್ನಿ," ಎಂದಳು.

ಹೋದ. ವಾರಕ್ಕೆ ಎರಡು ಸಲ, ಬ್ರ್ಯಾಂಪ್ಟನ್ನಿನ ಕೆಲಸದ ಹೊತ್ತು ನೋಡಿಕೊಂಡು, ಚಳಿಗಾಲವೆಲ್ಲ ಹೋದ. ಕ್ಲಿನಿಕ್ಕಿನವರು ಹೇಳಿಕೊಟ್ಟದ್ದನ್ನು ಅವಳು ಮಾಡುತ್ತಿದ್ದಳು, ಇವನು ಕೇಳಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದ. ಮೂರು ಸ್ವರ ಆರಾಯಿತು, ಆರು ಒಂಬತ್ತಾಯಿತು. ಅಲ್ಲಿಗೆ ನಿಂತಿತು. ಸಿಯೋಲ್‌ನ ನಾಯಕಿಯ ಪಾತ್ರಗಳ ಬಾಗಿಲು ಮುಚ್ಚಿಹೋಯಿತೆಂದು ಇಬ್ಬರಿಗೂ ಗೊತ್ತಿತ್ತು. ಮಾರ್ಚ್‌ನಲ್ಲಿ ಪೋರ್ಟ್ ಕ್ರೆಡಿಟ್‌ನ ಒಂದು ಚಿಕ್ಕ ತಂಡ ಅವಳನ್ನು ಕರೆಯಿತು. ನೂರು ಕುರ್ಚಿಯ ಹಾಲು, ಅಜ್ಜಿಯ ಪಾತ್ರ, ಎರಡೇ ಹಾಡು. ಅವಳ ಹೆಸರು ಹೇಳಿ ತಂಡದ ಬಾಗಿಲು ತಟ್ಟಿದ್ದು ಜ್ಯೋತ್ಸ್ನಾ ಎಂದು ಆಮೇಲೆ ತಿಳಿಯಿತು.

ಆ ಭಾನುವಾರ ಮಧ್ಯಾಹ್ನ ಉದಯ, ನೀಲಾ, ನಿಧಿ ಮೂವರೂ ಟಿಕೆಟ್ ತೆಗೆಸಿ ಮೂರನೇ ಸಾಲಿನಲ್ಲಿ ಕೂತರು. ಆ ಹಾಲಿನಲ್ಲಿ ಮೈಕೇ ಇರಲಿಲ್ಲ, ಉದಯನಿಗೆ ಮಾಡಲು ಏನೂ ಇರಲಿಲ್ಲ. ಸನ್‌ಜು ಬೆನ್ನು ಬಾಗಿಸಿಕೊಂಡು, ನರೆಗೂದಲಿನ ಟೋಪನ್ ಹಾಕಿ ಬಂದಳು. ಮೊದಲ ಹಾಡು ಶುರುವಾಯಿತು. ಆ ಒರಟು ದನಿ ಕೇಳಿ ಹಿಂದಿನ ಸಾಲಿನಲ್ಲಿ ಯಾರೋ ಕೂತಲ್ಲೇ ಸರಿದರು. ಒಂದು ಕಡೆ ದನಿ ಸೀಳಿತು. ಉದಯ ಕಣ್ಣು ಮುಚ್ಚಿಕೊಂಡ. ಅವಳು ನಿಲ್ಲಲಿಲ್ಲ. ಸೀಳಿದ ದನಿಯಲ್ಲೇ ಸಾಲು ಮುಗಿಸಿ ಮುಂದಿನದಕ್ಕೆ ಹೋದಳು. ಅಜ್ಜಿಯೊಬ್ಬಳು ಹಾಗೆಯೇ ಹಾಡುವುದೆಂದು ಜನರಿಗೆ ಅನಿಸಿರಬೇಕು. ಹಾಲು ಗಪ್‌ಚಿಪ್ಪಾಗಿ ಕೇಳುತ್ತಿತ್ತು.

"ಅಪ್ಪಾ," ನಿಧಿ ಪಿಸುಗುಟ್ಟಿದಳು, "ಯು ಆರ್ ಹರ್ಟಿಂಗ್ ಮೈ ಹ್ಯಾಂಡ್."

ಉದಯ ಮಗಳ ಕೈಯನ್ನು ಸಡಿಲ ಬಿಟ್ಟ. ನೀಲಾ ತನ್ನ ಕೈಯನ್ನು ಅವನ ಕಡೆ ಚಾಚಿ, "ನನ್ನದು ಹಿಡಕೊಳ್ರಿ," ಎಂದಳು. ಎರಡನೇ ಹಾಡಿಗೆ ಇನ್ನೂ ಅರ್ಧ ಗಂಟೆ ಇತ್ತು.